ಒಂದು ಮಳೆಗಾಲ ದಾಟಿದ ಅಡುಗೆ ಸೆಟ್ಟು

ಆಟದ ಸಾಮಾನು ಕೊಂಡವರು ಪೆಟ್ಟಿಗೆ ಬಿಚ್ಚಿದ ದಿನವೇ ಚೆನ್ನಾಗಿದೆ ಅಂತ ಬರೆದುಬಿಡುತ್ತಾರೆ. ನಾನು ಏಳು ತಿಂಗಳು ಕಾದೆ. ಮಲೆನಾಡಿನ ಮನೆಯಲ್ಲಿ ಮರದ ಸಾಮಾನಿಗೆ ಪರೀಕ್ಷೆ ಅಂದರೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಸನಗರ ತಾಲೂಕಿನ ನಗರ ಅನ್ನುವ ಊರಿನ ಕಡೆ ಬಂದು ನೋಡಿ. ಹುಲಿಕಲ್ ಘಾಟಿ ಅಲ್ಲಿಂದ ಹತ್ತಿರ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಗೋಡೆಯ ಫೋಟೋದ ಹಿಂದೆ ಬೂಷ್ಟು. ಬಾಗಿಲು ಉಬ್ಬಿ ಚಿಲಕ ಬೀಳುವುದಿಲ್ಲ. ಅಂಥ ಮನೆಯಲ್ಲಿ ಒಂದು ಮಳೆಗಾಲ ಕಳೆದು, ದೀಪಾವಳಿಯೂ ಮುಗಿದ ಮೇಲೆ ಈಗ ಬರೆಯುತ್ತಿದ್ದೇನೆ.

ನಾನು ಕೊಂಡಿದ್ದು ಚನ್ನಪಟ್ಟಣದ ಮರದ ಅಡುಗೆ ಸೆಟ್ಟು. ಕೊಟ್ಟ ಹಣ 850 ರೂಪಾಯಿ. ಒಟ್ಟು 17 ಸಾಮಾನು. ಒಂದು ಒಲೆ, ಮುಚ್ಚಳ ಇರುವ ಎರಡು ಪಾತ್ರೆ, ಒಂದು ಬಿಂದಿಗೆ, ಒರಳು ಮತ್ತು ಅದರ ಗುಂಡು, ಎರಡು ಭಾಗದ ಬೀಸುವ ಕಲ್ಲು, ಮಣೆ, ಲಟ್ಟಣಿಗೆ, ಸೌಟು, ಎರಡು ತಟ್ಟೆ, ಎರಡು ಲೋಟ. ಗ್ಯಾಸ್ ಒಲೆ, ಮಿಕ್ಸಿ ಇರುವ ಸೆಟ್ಟೂ ಅಲ್ಲಿತ್ತು. ನಾನು ಹಳೇ ಥರದ್ದೇ ಬೇಕು ಅಂದೆ.

ಹಳೇ ಥರದ್ದೇ ಯಾಕೆ ಅಂತ ಹೇಳದೆ ಮುಂದೆ ಹೋದರೆ ಅರ್ಧ ಮಾತು ನುಂಗಿದ ಹಾಗಾಗುತ್ತದೆ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಕ್ಕ ಆರನೇ ಕ್ಲಾಸು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಆ ಸಲ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದರು. ಅಕ್ಕನಿಗೆ ಗರಿಯ ಬುಟ್ಟಿಯಲ್ಲಿ ತುಂಬಿದ್ದ ಅಡುಗೆ ಸೆಟ್ಟು ಕೊಡಿಸಿದರು. ನನಗೆ ಬುಗುರಿ. ಬುಗುರಿ ಒಂದೇ ವಾರಕ್ಕೆ ತೋಟದ ಕಾಲುವೆಗೆ ಬಿದ್ದು ಹೋಯಿತು. ಆಮೇಲೆ ನಾನೂ ಅಕ್ಕನ ಅಡುಗೆಮನೆಗೇ ಸೇರಿದೆ.

ಅಡಿಕೆ ಒಣಗಿಸುವ ಚಪ್ಪರದ ಕೆಳಗೆ ನಮ್ಮ ಅಡುಗೆ. ಮರಳು ಅಂದರೆ ಅನ್ನ. ಕೆಮ್ಮಣ್ಣು ಕದಡಿದ ನೀರು ಸಾರು. ಬಾವಿಕಟ್ಟೆಯ ಪಕ್ಕದ ಒಂದೆಲಗ ಕಿತ್ತು ತಂದು ಒರಳಿನಲ್ಲಿ ಜಜ್ಜಿದರೆ ತಂಬುಳಿ. ದಾಸವಾಳದ ಎಲೆ ಹಿಸುಕಿದರೆ ಲೋಳೆ ಬರುತ್ತದಲ್ಲ, ಅದು ತುಪ್ಪ. ಅಡಿಕೆ ಹಾಳೆಯ ಚೂರು ಬಾಳೆ ಎಲೆ. ಅಕ್ಕ ಬಡಿಸುವವಳು, ನಾನು ಉಣ್ಣುವವನು. ಅವಳದೊಂದು ಕಟ್ಟುನಿಟ್ಟಿತ್ತು. ಪಂಕ್ತಿಗೆ ಕೂತವನು ಊಟ ಮುಗಿಯುವ ತನಕ ಏಳಬಾರದು. ಅನ್ನ ಬೇಯುವುದಕ್ಕೆ ಅವಳು ನಿಜವಾದ ಅನ್ನದಷ್ಟೇ ಹೊತ್ತು ತಗೊಳ್ಳುತ್ತಿದ್ದಳು. ನನಗೆ ತಾಳ್ಮೆ ಇರಲಿಲ್ಲ. ಒಂದು ದಿನ ಪಾತ್ರೆಯ ಮುಚ್ಚಳ ತೆಗೆದು ಕಚ್ಚಿಬಿಟ್ಟೆ. "ಕಚ್ಚಬೇಡ ತಮ್ಮಾ, ಮುಚ್ಚಳ ಇಲ್ಲದೆ ಅನ್ನ ಬೇಯಲ್ಲ" ಅಂದಳು. ಹೊಡೆಯಲಿಲ್ಲ. ಮುಚ್ಚಳ ಇಸಕೊಂಡು ಲಂಗದಲ್ಲಿ ಒರೆಸಿ ಪಾತ್ರೆಯ ಮೇಲೆ ಇಟ್ಟಳು.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಅಕ್ಕ ಹೋದಳು. ರಾತ್ರಿ ಎದೆನೋವು ಅಂದಳಂತೆ. ಶಿವಮೊಗ್ಗಕ್ಕೆ ಕರೆತರುವಾಗ ರಿಪ್ಪನ್‌ಪೇಟೆ ದಾಟುವ ಮೊದಲೇ ಮುಗಿದಿತ್ತು. ನಾನು ಶಿವಮೊಗ್ಗದ ಕಡೆಯಿಂದ ಹೊರಟವನು ಆಯನೂರಿನ ಹತ್ತಿರ ಇದ್ದೆ. ಫೋನ್ ಬಂದ ಮೇಲೆ ರಸ್ತೆ ಪಕ್ಕ ಸ್ಕೂಟರ್ ನಿಲ್ಲಿಸಿ ಮಳೆಯಲ್ಲೇ ನಿಂತಿದ್ದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ.

ವರ್ಷಾಂತಿಕ ಮುಗಿದ ಮೇಲೆ ಅಕ್ಕನ ಮಗಳು, "ಮಾವ, ಅಟ್ಟದ ಮೇಲಿನ ಟ್ರಂಕು ನನ್ನೊಬ್ಬಳ ಕೈಲಿ ತೆಗೆಯಕ್ಕಾಗಲ್ಲ, ಬನ್ನಿ" ಅಂತ ಕರೆದಳು. ಸೀರೆಗಳು, ಅಮ್ಮನ ಹಿತ್ತಾಳೆಯ ಕುಂಕುಮದ ಭರಣಿ, ರೇಷನ್ ಕಾರ್ಡುಗಳು. ತಳದಲ್ಲಿ ಒಂದು ಬಟ್ಟೆಯ ಗಂಟು. ಬಿಚ್ಚಿದರೆ ಮೂರು ಸಾಮಾನು ಇದ್ದವು. ಬೀಸುವ ಕಲ್ಲಿನ ಮೇಲಿನ ಅರ್ಧ, ಒಂದು ಲಟ್ಟಣಿಗೆ, ಆ ಮುಚ್ಚಳ. ಕೆಂಪು ಬಣ್ಣ ಮಾಸಿ ಅಡಿಕೆ ಚೊಗರಿನ ಬಣ್ಣಕ್ಕೆ ಬಂದಿತ್ತು. ಅಂಚಿನಲ್ಲಿ ನನ್ನ ಹಾಲುಹಲ್ಲಿನ ಗುರುತು ಹಾಗೇ ಇತ್ತು, ನಾಲ್ಕು ಸಣ್ಣ ತಗ್ಗು.

ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಟ್ಟೆ ಹೊಲಿಯುವವನು, ಮೂವತ್ತು ವರ್ಷದಿಂದ. ಬಟ್ಟೆ ನೋಡಿದರೆ ಎಲ್ಲಿಯದು ಅಂತ ಹೇಳಬಲ್ಲೆ. ಆ ಗಂಟಿನ ಬಟ್ಟೆ ನನ್ನ ಅಂಗಡಿಯ ಕಟ್‌ಪೀಸು. ಅಕ್ಕನ ಮಗಳ ಮದುವೆಗೆ ನಾನೇ ಹೊಲಿದ ರವಿಕೆಯಲ್ಲಿ ಉಳಿದದ್ದು. ಅಂದರೆ ಅಕ್ಕ ಈಚೆಗೆ, ನಾಲ್ಕೈದು ವರ್ಷದ ಹಿಂದಷ್ಟೇ, ಈ ಮೂರನ್ನೂ ಎತ್ತಿ ಹೊಸದಾಗಿ ಸುತ್ತಿಟ್ಟಿದ್ದಾಳೆ. ನನಗೆ ಒಂದು ಮಾತೂ ಹೇಳಿಲ್ಲ. ಪ್ರತಿ ಹಬ್ಬಕ್ಕೂ ಹೋಗುತ್ತಿದ್ದೆ. ಒಂದು ಸಲ ತೆಗೆದು ತೋರಿಸಬಹುದಿತ್ತು ಅಲ್ವಾ?

ಆಗಲೇ ಅಂದುಕೊಂಡೆ, ಮೊಮ್ಮಗಳಿಗೆ ಇಂಥದೇ ಒಂದು ಸೆಟ್ಟು ತರಬೇಕು ಅಂತ. ಅಕ್ಕನ ಮಗಳ ಮಗಳು, ಈಗ ನಾಲ್ಕು ವರ್ಷ. ನಮಗೆಲ್ಲ ಪುಟ್ಟಿ.

ಮೊದಲು ನಾನು ಮೋಸ ಹೋದೆ. ಅದನ್ನೂ ಹೇಳಬೇಕು, ಬೇರೆಯವರಿಗೆ ಉಪಯೋಗ ಆಗಲಿ. ಮೊಬೈಲಿನಲ್ಲಿ ಒಂದು ಕಡೆ ಚನ್ನಪಟ್ಟಣದ್ದು ಅಂತ ಹಾಕಿದ್ದರು. ಬೆಲೆ ಕಡಿಮೆ ಇತ್ತು, ತರಿಸಿದೆ. ಪೆಟ್ಟಿಗೆ ತೆಗೆದ ಕೂಡಲೇ ಪೇಂಟಿನ ವಾಸನೆ ಮೂಗಿಗೆ ಹೊಡೆಯಿತು. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿದರೆ ಬಟ್ಟೆ ಗುಲಾಬಿ ಆಯಿತು. ಉಗುರಿನಲ್ಲಿ ಕೆರೆದರೆ ಬಣ್ಣ ಸಿಪ್ಪೆಯ ಹಾಗೆ ಎದ್ದಿತು. ಮಕ್ಕಳು ಬಾಯಿಗೆ ಹಾಕುವ ಸಾಮಾನು ಇದು. ವಾಪಸ್ ತಗೊಳ್ಳಿ ಅಂದರೆ ಬಿಚ್ಚಿದ ಮೇಲೆ ಆಗಲ್ಲ ಅಂದರು. ಅದನ್ನು ಪುಟ್ಟಿಯ ಕೈಗೆ ಕೊಡಲೇ ಇಲ್ಲ.

ಏಪ್ರಿಲ್‌ನಲ್ಲಿ ಮಂಡ್ಯದಲ್ಲಿ ಒಂದು ಮದುವೆ ಇತ್ತು. ಮುಗಿಸಿಕೊಂಡು ನೇರವಾಗಿ ಚನ್ನಪಟ್ಟಣಕ್ಕೇ ಹೋದೆ. ಒಂದು ವಿಷಯ ನೆನಪಿಡಿ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯಲ್ಲಿ ಹೋದರೆ ಊರೇ ಸಿಗುವುದಿಲ್ಲ. 2023ರಲ್ಲಿ ಆ ರಸ್ತೆ ಉದ್ಘಾಟನೆ ಆದ ಮೇಲೆ ಕಾರುಗಳು ಹೊರಗಿನಿಂದಲೇ ಹೋಗಿಬಿಡುತ್ತವೆ. ಬೊಂಬೆ ಅಂಗಡಿಗಳ ಸಾಲು ಇರುವುದು ಹಳೇ ರಸ್ತೆಯಲ್ಲಿ. ಮೊದಲು ಮೈಸೂರಿಗೆ ಹೋಗುವವರೆಲ್ಲ ಅಲ್ಲಿ ನಿಲ್ಲುತ್ತಿದ್ದರು. ನಾನು ಹೋದಾಗ ಸಾಲಿನಲ್ಲಿ ಗಿರಾಕಿ ಅಂತ ಇದ್ದವರು ನಾವು ಮೂವರೇ. ದಯವಿಟ್ಟು ಹಳೇ ರಸ್ತೆಗೆ ಇಳಿಯಿರಿ. ಸ್ವಲ್ಪ ಹೊತ್ತು ಜಾಸ್ತಿ ಆಗಬಹುದು, ಅಷ್ಟೇ.

ನಾನು ಹೋದ ಅಂಗಡಿಯ ಹಿಂದೆಯೇ ಕೆಲಸದ ಜಾಗ. ಒಬ್ಬ ಹೆಂಗಸು ಲೇತಿನ ಮುಂದೆ ಕೂತಿದ್ದರು. ನೋಡಬಹುದಾ ಅಂತ ಕೇಳಿದೆ, ಬನ್ನಿ ಅಣ್ಣ ಅಂದರು. ಮರದ ತುಂಡು ತಿರುಗುತ್ತಿರುವಾಗ ಉಳಿ ಹಿಡಿದರೆ ಬೆಳ್ಳಗಿನ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತದೆ. ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಕುಂಚ ಇಲ್ಲ, ಡಬ್ಬಿ ಇಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಕೂರುತ್ತದೆ. ಕೊನೆಗೆ ತಾಳೆ ಗರಿ, ಅಂದರೆ ನಮ್ಮ ಕೇದಗೆಯ ಗರಿ, ಅದನ್ನು ಒತ್ತಿದರೆ ಹೊಳಪು ಬರುತ್ತದೆ. ಒಂದು ಮುಚ್ಚಳ ನನ್ನ ಕಣ್ಣ ಮುಂದೆ ಐದು ನಿಮಿಷದೊಳಗೆ ತಯಾರಾಯಿತು. ಗುಂಡಿ ಕಾಜ ಹಾಕುವುದಕ್ಕೂ ನನಗೆ ಅಷ್ಟು ಹೊತ್ತು ಬೇಕು.

ಅರಗು ಅಂದರೆ ಹುಳು ಮಾಡುವ ಅಂಟು. ಪಾಂಡವರ ಅರಗಿನ ಮನೆಯ ಅರಗು ಅದೇ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡ, ಹೀಗೆ ಗಿಡಮೂಲದ ಬಣ್ಣ ಬೆರೆಸುವವರು ಅಲ್ಲಿ ಇದ್ದಾರೆ. ಎಲ್ಲರೂ ಹಾಗೆ ಮಾಡುವುದಿಲ್ಲ, ಆದ್ದರಿಂದ ಮಗುವಿಗೆ ಕೊಳ್ಳುವಾಗ ಯಾವ ಬಣ್ಣ ಅಂತ ಕೇಳಿಯೇ ತಗೊಳ್ಳಿ. ಮರ ಆಲೆ ಮರ, ಆಲದ ಮರ ಅಲ್ಲ. ಕಡಿದರೆ ಹಾಲು ಸುರಿಸುವ ಜಾತಿ. ಒಣಗಿದ ಮೇಲೆ ದಂತದ ಹಾಗೆ ಬಿಳುಪು, ಗೀರು ಕಾಣುವುದಿಲ್ಲ, ತೂಕ ಕಮ್ಮಿ. ಈಗ ರಬ್ಬರ್ ಮರ, ಸಿಲ್ವರ್ ಓಕ್ ಕೂಡ ಬಳಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಜೇಬಿನಲ್ಲಿ ಅಕ್ಕನ ಮುಚ್ಚಳ ಇತ್ತು. ತೆಗೆದು ಅವರಿಗೆ ತೋರಿಸಿದೆ. ತಿರುಗಿಸಿ, ಅಡಿ ನೋಡಿ, ಹೆಬ್ಬೆರಳಿನಲ್ಲಿ ಉಜ್ಜಿ, "ಆಲೆ ಮರಾನೇ ಅಣ್ಣ, ಕೈ ಕೆಲಸ ಚೆನ್ನಾಗಿದೆ" ಅಂದರು. ಹಲ್ಲಿನ ಗುರುತು ನೋಡಿ ನಕ್ಕರು. ಆಮೇಲೆ, "ಇದಕ್ಕೆ ಸರಿಯಾಗಿ ಒಂದು ಪಾತ್ರೆ ಕಡೆದು ಕೊಡ್ಲಾ? ಹತ್ತು ನಿಮಿಷ ಕೂತ್ಕೊಳ್ಳಿ" ಅಂತ ಕೇಳಿದರು.

ಜೀವನವೆಲ್ಲ ನಾನು ಮಾಡಿದ್ದು ಅದೇ ಕೆಲಸ. ಹರಿದ ಕಡೆ ಅದೇ ಬಣ್ಣದ ತೇಪೆ ಹುಡುಕುವುದು, ಹಳೇ ಕಾಲರಿಗೆ ಹೊಂದುವ ಬಟ್ಟೆ ಹುಡುಕುವುದು. ಆದರೂ ಬೇಡ ಅಂದೆ. ಆ ಮುಚ್ಚಳದ ಪಾತ್ರೆ ಅಕ್ಕ ಅನ್ನ ಮಾಡಿದ ಪಾತ್ರೆ. ಅದು ಚಪ್ಪರದ ಕೆಳಗಿನ ಮಣ್ಣಿನಲ್ಲಿ ಎಲ್ಲೋ ಹುಗಿದುಹೋಗಿದೆ. ಬೇರೆ ಪಾತ್ರೆ ಮಾಡಿಸಿ ಮುಚ್ಚುವುದಕ್ಕೆ ಮನಸ್ಸು ಒಪ್ಪಲಿಲ್ಲ. ಅವರು ಬಲವಂತ ಮಾಡಲಿಲ್ಲ, ಮುಚ್ಚಳವನ್ನು ತಮ್ಮ ಸೆರಗಿನಲ್ಲಿ ಒರೆಸಿ ಕೊಟ್ಟರು.

ಈಗ ಸೆಟ್ಟಿನ ವಿಚಾರ. ಅಸಲಿಯೋ ಅಲ್ಲವೋ ಅಂತ ತಿಳಿಯಲು ನಾನು ಕಲಿತಿದ್ದು ಇಷ್ಟು. ಪೇಂಟಿನ ವಾಸನೆ ಇರಬಾರದು. ಒದ್ದೆ ಬಟ್ಟೆಗೆ ಬಣ್ಣ ಬಿಡಬಾರದು. ಅಡಿ ತಿರುಗಿಸಿ ನೋಡಿ, ಲೇತಿಗೆ ಸಿಕ್ಕಿಸಿದ ಜಾಗದ ಗುರುತು ಸಾಮಾನ್ಯವಾಗಿ ಇರುತ್ತದೆ. ಎರಡು ಲೋಟ ಪಕ್ಕ ಪಕ್ಕ ಇಟ್ಟರೆ ಕೂದಲಿನಷ್ಟು ವ್ಯತ್ಯಾಸ ಇರುತ್ತದೆ, ಅಚ್ಚಿಗೆ ಹಾಕಿದ ಹಾಗೆ ಒಂದೇ ಥರ ಇರುವುದಿಲ್ಲ. ಐಎಸ್‌ಐ ಗುರುತು ಇಲ್ಲ ಅಂತ ಹೆದರಬೇಡಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಆ ಗುರುತು ಕಡ್ಡಾಯ ಆಗಿದೆ ನಿಜ, ಆದರೆ ನೋಂದಾಯಿಸಿದ ಕುಶಲಕರ್ಮಿಗಳು ಮಾಡಿ ಮಾರುವ ಸಾಮಾನಿಗೆ ವಿನಾಯಿತಿ ಇದೆ. ಭೌಗೋಳಿಕ ಗುರುತು, ಅಂದರೆ ಒಂದು ಊರಿನ ಹೆಸರಿಗೇ ಸಿಗುವ ಜಿಐ ಮಾನ್ಯತೆ, ಇರುವ ಆಟಿಕೆಗೂ ಅದನ್ನು ಬಳಸಲು ನೋಂದಾಯಿಸಿದವರೇ ಮಾಡಿದ್ದಾದರೆ ವಿನಾಯಿತಿ ಇದೆ. ಚನ್ನಪಟ್ಟಣದ ಬೊಂಬೆಗೆ ಆ ಗುರುತು 2005-06ರಲ್ಲೇ ಸಿಕ್ಕಿದೆ.

ಕೆಲಸದ ಅಂದ ಚೆನ್ನಾಗಿದೆ. ಅಂಚುಗಳು ನುಣುಪು, ಎಲ್ಲೂ ಸಿಬಿರು ಇಲ್ಲ. ಬೀಸುವ ಕಲ್ಲು ನಿಜವಾಗಿ ತಿರುಗುತ್ತದೆ. ಪುಟ್ಟಿ ಅದರಲ್ಲಿ ರಾಗಿ ಹಾಕಿ ಗಂಟೆಗಟ್ಟಲೆ ತಿರುಗಿಸುತ್ತಾಳೆ. ಹಿಟ್ಟು ಬರುವುದಿಲ್ಲ, ಅವಳಿಗೆ ಅದರ ಚಿಂತೆಯೂ ಇಲ್ಲ. ಒರಳು ಮಾತ್ರ ತೀರಾ ಚಿಕ್ಕದು. ಒಂದೆಲಗದ ಎರಡು ಎಲೆ ಹಾಕಿದರೆ ತುಂಬಿಹೋಗುತ್ತದೆ. ಅಕ್ಕನದರಲ್ಲಿ ಹತ್ತು ಎಲೆ ಹಿಡಿಯುತ್ತಿತ್ತು, ಅಥವಾ ನಮ್ಮ ಕೈ ಆಗ ಚಿಕ್ಕದಿತ್ತೋ ಏನೋ. ಸೌಟಿನ ಹಿಡಿಗೂ ಬಟ್ಟಲಿಗೂ ಅಂಟು ಹಾಕಿದ್ದಾರೆ. ಆಗಸ್ಟಿನಲ್ಲಿ ಅದು ಬಿಟ್ಟಿತು. ನಾನೇ ಮರದ ಗೋಂದು ಹಾಕಿ ಸರಿ ಮಾಡಿದೆ. 850 ರೂಪಾಯಿ ಸಾಮಾನಿನಲ್ಲಿ ಇದು ಆಗಬಾರದಿತ್ತು. ಅಂಗಡಿಗೆ ಫೋನ್ ಮಾಡಿ ಹೇಳಿದೆ, ಬೇರೆ ಕಳಿಸುತ್ತೇನೆ ಅಂದರು, ವಾರದೊಳಗೆ ಬಂತು. ಅದಕ್ಕೆ ನನಗೆ ಸಮಾಧಾನ ಇದೆ.

ಮಳೆಗಾಲದ ಕಥೆ ಹೀಗೆ. ಅರಗು ಕೂತ ಜಾಗಕ್ಕೆ ಏನೂ ಆಗಲಿಲ್ಲ. ಜುಲೈನಲ್ಲಿ ಹದಿನೈದು ದಿನ ಬಿಸಿಲೇ ಕಾಣದಿದ್ದಾಗಲೂ ಹೊಳಪು ಹಾಗೇ ಇತ್ತು. ಆದರೆ ಪಾತ್ರೆಯ ಒಳಗೆ, ಅಡಿಯಲ್ಲಿ ಬರೀ ಮರ. ಅಲ್ಲಿ ಬಿಳಿ ಬೂಷ್ಟು ಬಂತು. ಒಣ ಬಟ್ಟೆಯಲ್ಲಿ ಒರೆಸಿ ಗಾಳಿಗೆ ಇಟ್ಟರೆ ಹೋಗುತ್ತದೆ, ಮತ್ತೆ ಬರುತ್ತದೆ, ಮತ್ತೆ ಒರೆಸಬೇಕು. ಮುಚ್ಚಳಗಳು ಆಷಾಢದಲ್ಲಿ ಉಬ್ಬಿ ಬಿಗಿಯಾದವು. ಪುಟ್ಟಿಯ ಕೈಗೆ ತೆಗೆಯಲು ಬರುತ್ತಿರಲಿಲ್ಲ, ಅಳುತ್ತಿದ್ದಳು. ಈಗ ಕಾರ್ತಿಕದಲ್ಲಿ ಮತ್ತೆ ಸಡಿಲ ಆಗಿವೆ. ಬಲ ಹಾಕಿ ಎಳೆಯಬೇಡಿ, ಸೀಳುತ್ತದೆ. ಮಳೆಗಾಲದಲ್ಲಿ ಮುಚ್ಚಳ ಬೇರೆ, ಪಾತ್ರೆ ಬೇರೆ ಇಡಿ. ಪ್ಲಾಸ್ಟಿಕ್ ಕವರಿನಲ್ಲಂತೂ ಕಟ್ಟಿಡಲೇಬೇಡಿ. ಬಿದಿರಿನ ಬುಟ್ಟಿ ಒಳ್ಳೆಯದು. ಬೆಚ್ಚಗಿರಲಿ ಅಂತ ಬಚ್ಚಲ ಒಲೆಯ ಪಕ್ಕ ಇಡುವುದೂ ಬೇಡ, ಬಿಸಿಗೆ ಅರಗು ಮೆತ್ತಗಾಗುತ್ತದೆ.

ಇನ್ನೊಂದು ಮುಖ್ಯ ಮಾತು. ಸ್ಯಾನಿಟೈಸರ್ ಹಾಕಿ ಒರೆಸಬೇಡಿ. ಪುಟ್ಟಿಗೆ ನೆಗಡಿ ಆಗಿದ್ದಾಗ ನಾನೇ ಸ್ವಚ್ಛ ಆಗಲಿ ಅಂತ ಒಂದು ಲೋಟಕ್ಕೆ ಹಾಕಿ ಉಜ್ಜಿದೆ. ಬಣ್ಣ ಅಂಟಂಟಾಗಿ ಕೈಗೇ ಬಂತು. ಅರಗು ನೀರಿಗೆ ಕರಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಆ ಲೋಟ ಈಗ ಮಬ್ಬಾಗಿದೆ. ಒದ್ದೆ ಬಟ್ಟೆ ಹಿಂಡಿ ಒರೆಸಿ, ಆಮೇಲೆ ಒಣ ಬಟ್ಟೆ. ಅಷ್ಟು ಸಾಕು. ನೀರಿನಲ್ಲಿ ನೆನೆಸಿಡಬಾರದು. ಮಗು ನೀರು ಹಾಕಿ ಆಡುತ್ತದೆ, ಆಡಲಿ, ಆಟ ಮುಗಿದ ಮೇಲೆ ಬಗ್ಗಿಸಿ ಒರೆಸಿಡಿ. ಮೂರು ವರ್ಷಕ್ಕಿಂತ ಚಿಕ್ಕ ಮಗುವಿಗೆ ಈ ಸೆಟ್ಟು ಬೇಡ. ಒರಳಿನ ಗುಂಡು ಗಂಟಲಿಗೆ ಸಿಕ್ಕುವಷ್ಟು ಸಣ್ಣದು.

ಶಿವಮೊಗ್ಗದಲ್ಲಿ ನನ್ನ ಗಿರಾಕಿಗಳ ಮನೆಗಳಲ್ಲಿ ಈ ಸೆಟ್ಟು ನೋಡಿದ್ದೇನೆ. ಟಿವಿಯ ಮೇಲಿನ ಗಾಜಿನ ಶೋಕೇಸಿನಲ್ಲಿ ಸಾಲಾಗಿ ಜೋಡಿಸಿರುತ್ತಾರೆ. ದಸರಾದಲ್ಲಿ ಬೊಂಬೆ ಕೂರಿಸುವಾಗ ಒಂದು ಸಲ ಹೊರಗೆ ಬರುತ್ತದೆ, ಮತ್ತೆ ಒಳಗೆ. ಮಕ್ಕಳು ಗಾಜಿನ ಹೊರಗೆ ನಿಂತು ನೋಡುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಇದು ಮಣ್ಣಿನಲ್ಲಿ ಆಡುವುದಕ್ಕೆ ಮಾಡಿದ ಸಾಮಾನು. ಕಳೆದುಹೋಗಲಿ, ಬಣ್ಣ ಮಾಸಲಿ. ಅಕ್ಕನ ಸೆಟ್ಟಿನಲ್ಲಿ ಉಳಿದದ್ದು ಮೂರೇ. ಉಳಿದದ್ದೆಲ್ಲ ನಾವು ಆಡಿ ಮುಗಿಸಿದೆವು.

ಅಂಕ ಕೊಡಬೇಕು ಅಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಸೌಟಿಗೆ ಅರ್ಧ, ಒರಳಿಗೆ ಅರ್ಧ ಕಡಿಮೆ.

ದೀಪಾವಳಿಗೆ ಹೋದಾಗ ಅಕ್ಕನ ಆ ಮೂರು ಸಾಮಾನನ್ನೂ ಪುಟ್ಟಿಯ ಬುಟ್ಟಿಗೇ ಹಾಕಿದೆ. ಅಕ್ಕನ ಮಗಳು, "ಬೇಡ ಮಾವ, ಕಳೆದುಹಾಕ್ತಾಳೆ" ಅಂದಳು. ಇರಲಿ ಅಂದೆ. ಕೊರಳಲ್ಲಿ ಟೇಪು ಇತ್ತು, ಸುಮ್ನೆ ಅಳೆದು ನೋಡಿದೆ. ಹಳೇ ಮುಚ್ಚಳ ಒಂದೂವರೆ ಇಂಚು. ಹೊಸ ಪಾತ್ರೆಯ ಬಾಯಿ ಒಂದೂಕಾಲು. ಕೂರುವುದಿಲ್ಲ. ಪುಟ್ಟಿ ಅದನ್ನು ಮಗುಚಿ ತಟ್ಟೆ ಮಾಡಿಕೊಂಡಳು. ಅಂಗಳದಲ್ಲಿ ಹೂಕುಂಡದ ಮರಳು ತಂದು ಒಲೆಯ ಮೇಲೆ ಇಟ್ಟಳು. ತುಂಬಾ ಹೊತ್ತು ಕೈಯಾಡಿಸಿದಳು. ನಾನು ಜಗುಲಿಯ ಮೆಟ್ಟಿಲ ಮೇಲೆ ಕೂತು ರವಿಕೆಯ ಹೊಲಿಗೆ ಬಿಚ್ಚುತ್ತಿದ್ದೆ.

"ಸಣ್ಣಜ್ಜ, ಇದನ್ನ ಯಾರು ಕಚ್ಚಿದ್ದು?"

"ನಾನು."

"ಯಾಕೆ?"

"ಹಸಿವಾಗಿತ್ತು."

ಅವಳು ಮುಚ್ಚಳವನ್ನು ಲಂಗದಲ್ಲಿ ಒರೆಸಿದಳು. ಅಡಿಕೆ ಹಾಳೆಯ ಚೂರೊಂದನ್ನು ನೆಲಕ್ಕೆ ಹಾಕಿ ಕೈಯಲ್ಲಿ ತಟ್ಟಿದಳು.

"ಹಾಗಾದ್ರೆ ಇಲ್ಲಿ ಬಂದು ಕೂತ್ಕೋ. ಆಗೋ ತನಕ ಏಳಬಾರದು."